ಕಲ್ಲಿನ ಮ್ಯಾಲ ಕುಂತಾಕಿ

ಬಾಗಲಕೋಟೆ
೮–೧೦–೧೯೭೯

ಚಿ. ಸೌ. ಇಂದ್ರಾಬಾಯಿಗೆ ರಾಚಯ್ಯನ ಆಶೀರ್ವಾದಗಳು.

ನೀನು ಹೇಳದೆ ಕೇಳದೆ ತವರುಮನೆಗೆ ಹೋಗಿ ಕುಳಿತಿರುವ ಸಂಗತಿ ನಿನ್ನ ಅಣ್ಣ ಕಾಶಪ್ಪನ ಕಾರ್ಡಿನಿಂದ ತಿಳಿಯಿತು. ಮುದಿಬಸವನ ಗುಡ್ಡದ ಮೇಲೆ ಅಂದು ಆದ ಒಂದು ಸಣ್ಣ ಮರೆವನ್ನು ನೀನು ಇಷ್ಟು ದೊಡ್ಡದು ಮಾಡುವೆಯೆಂದು ನಾನು ಎಣಿಸಿರಲಿಲ್ಲ. ಪುಣೆಯ ವಿದ್ವಾಂಸರಿಬ್ಬರು ನನ್ನ ಶೋಧವನ್ನು ಕಣ್ಣಾರೆ ನೋಡಲು ಬಂದಿದ್ದರು. ಚಾಲುಕ್ಯರ ಕಾಲದಲ್ಲಿ ಗುಡಿಗಳಿಗೆ ಕಲ್ಲು ಕಡಿದು ಒಯ್ದ ಜಾಗ ಇದೇ ಎಂದು ನಾನು ವರ್ಷಗಟ್ಟಲೆ ಹೇಳುತ್ತ ಬಂದದ್ದನ್ನು ಅವರು ಒಪ್ಪಿಕೊಂಡರು. ಒಬ್ಬ ಇತಿಹಾಸದ ಉಪನ್ಯಾಸಕನ ಬದುಕಿನಲ್ಲಿ ಇಂಥ ದಿನ ಮತ್ತೆ ಬರುವುದಿಲ್ಲ. ಅದರ ಸಂತೋಷ ನಿನಗಿಲ್ಲ. ಇರಲಿ, ಹೆಂಗಸರಿಗೆ ಅದರ ಮಹತ್ವ ತಿಳಿಯಬೇಕೆಂಬ ನಿರೀಕ್ಷೆಯೂ ನನಗಿಲ್ಲ.

ದೀಪಾವಳಿಗೆ ಅವ್ವ ಕಲಾದಗಿಯಿಂದ ಬರುತ್ತಾಳೆ. ಅಷ್ಟರೊಳಗೆ ಬಂದುಬಿಡು. ಬರುವಾಗ ಥರ್ಮಾಸ್ ಮರೆಯಬೇಡ. ಅದು ಕಾಲೇಜಿನದು.

ರಾಚಯ್ಯ


ಇಳಕಲ್ಲ
೧೫–೧೦–೧೯೭೯

ರಾಚಯ್ಯನವರಿಗೆ,

ಹೆಸರ ಬರದೇನಿ, ನೋಡ್ರಿ. ಗಂಡನ ಹೆಸರ ಹೇಳಬಾರದು ಅಂತ ಆರು ವರ್ಷ ಬಾಯಿ ಕಟಗೊಂಡಿದ್ದೆ. ಈಗ ಬರದ್ರ ಏನೂ ಆಗಲಿಲ್ಲ. ಮಾಡಿನ ಹಂಚ ಇದ್ದಲ್ಲೇ ಅದಾವ.

ಸಣ್ಣ ಮರವು ಅಂದೀರಿ. ಬಸ್ಸಿನ್ಯಾಗ ಛತ್ರಿ ಬಿಟ್ಟು ಇಳಿಯೂದು ಸಣ್ಣ ಮರವು. ಹೆಂಡತೀನ್ನ ಅಡವ್ಯಾಗ ಬಿಟ್ಟು ಇಳಿಯೂದಕ್ಕ ನಿಮ್ಮ ಗ್ರಂಥದಾಗ ಏನಂತಾರೋ ನನಗ ಗೊತ್ತಿಲ್ಲ. ನಮ್ಮ ಅಣ್ಣಗ ನೀವು ಹೆಂಗ ಬರದೀರೋ, ಅಂವ ನನ್ನ ಕೇಳ್ತಾನ, “ನೀ ದಾರಿ ತಪ್ಪಿದ್ದೇನವಾ?” ಅಂತ. ಹಂಗಾರ ಕೇಳ್ರಿ, ದಾರಿ ಯಾರು ತಪ್ಪಿದ್ರು ಅಂತ.

ಮದುವಿ ಆದಾಗಿನಿಂದ ಪ್ರತಿ ಐತಾರ ಗುಡ್ಡ ಹತ್ತಿದ್ರಿ. ನನ್ನ ಒಂದಿನ ಕರೀಲಿಲ್ಲ. ಆ ಐತಾರ ಕರದ್ರಿ, ಯಾಕಂದ್ರ ಬುತ್ತಿ ಹೊರಾವ ಆಳು ಕೈ ಕೊಟ್ಟಿದ್ದ. ನಾ ಹುಚ್ಚಿ, ಹೊಸಾ ಸೀರಿ ಉಟಗೊಂಡೆ. ರೊಟ್ಟಿ, ಎಣ್ಣಿಗಾಯಿ ಬದ್ನಿಕಾಯಿ, ಖಾರಾ ಹಾಕಿ ಕುಟ್ಟಿದ ಅಗಸಿ ಹಿಂಡಿ, ಮೊಸರು, ಎಲ್ಲಾ ತಲಿ ಮ್ಯಾಲ. ಕಾರಿ ಕಂಟಿ ಸೆರಗ ಹರದು ಬಿಟ್ಟಿತು. ನೀವು ಮೂರೂ ಮಂದಿ ಮುಂದ ಮುಂದ, ಇಂಗ್ಲೀಷಿನ್ಯಾಗ ಮಾತಾಡಕೋತ. ಹಿಂದ ಒಬ್ಬಾಕಿ ಬರಾಕತ್ತಾಳ ಅಂತ ಒಮ್ಮೆನೂ ಹೊಳ್ಳಿ ನೋಡಲಿಲ್ಲ.

ಆ ಅರ್ಧ ಕಡದ ಕಂಬ ಮಲಗಿಸಿದಂಗ ಬಿದ್ದೈತೆಲ್ಲಾ, ಅಲ್ಲೆ ಊಟಾ ಮಾಡಿದ್ರಿ. ಪುಣೇದವರು ಹಿಂಡಿ ಭಾಳ ಚೊಲೋ ಆಗೈತಿ ಅಂದ್ರು. ನೀವು, ಇಲ್ಲೇ ಕುಂದ್ರು, ಮ್ಯಾಲಿನ ಕಲ್ಲ ಕಡದ ಗುರ್ತಾ ತೋರಿಸಿ ಬರ್ತೇವಿ ಅಂದ್ರಿ. ಕುಂತೆ. ಮಂಗ್ಯಾ ಬಂದು ಉಳದ ರೊಟ್ಟಿ ಒಯ್ದವು. ಹೊತ್ತು ಇಳೀತು. ಒದರಿದೆ. ನನ್ನ ದನಿ ಹೋಗಿ ಎದುರಿನ ಬಂಡಿಗಲ್ಲಿಗೆ ಬಡದು ನನಗೇ ಬಂತು. ನೀವು ಆ ಕಡೆ ಇಳದು, ಅವರ ಜೀಪಿನ್ಯಾಗ ಬಾದಾಮಿಗೆ ಹೋಗಿ, ಖಾನಾವಳ್ಯಾಗ ಊಟಕ್ಕ ಕುಂತಿದ್ರಿ. ಆ ಪುಣೇದವರೇ ಕೇಳಿದ್ರಂತ, ಹಿಂಡಿ ಮಾಡಿದ ಬಾಯಾರು ಎಲ್ಲೆ ಅಂತ; ಜೀಪಿನ ಡ್ರೈವರ ಹೇಳಿದ ಸುದ್ದಿ ನನ್ನ ತನಕ ಬಂತು. ಹಿಂಡಿ ನೆನಪಾತು, ಅದರ ಹಿಂದ ನಾ ನೆನಪಾದೆ.

ಅಷ್ಟೊತ್ತಿಗೆ ನಾ ಕೆಳಗ ಹಿರೇಬಾವಿ ಊರಾಗ ಇದ್ದೆ. ಸೀತಾಫಲ ಹರ್ಯಾಕ ಬಂದಿದ್ದ ಜೈನಬಿ ಅಂಬಾಕಿ ನನ್ನ ನೋಡಿದ್ಲು. “ಯಾರವಾ ನೀನು, ಸತ್ತೋರಂಗ ಕುಂತಿ?” ಅಂದ್ಲು. ಗಂಡ ಬರ್ತಾನ ಅಂದೆ. ಆಕಿ ನನ್ನ ಮುಖಾ ನೋಡಿ ಮತ್ತೇನೂ ಕೇಳಲಿಲ್ಲ, ಕೈ ಹಿಡದು ಇಳಿಸಿಗೊಂಡು ಹೋದ್ಲು. ಆಕಿ ಕೌದಿ ಹೊದ್ದು ಮಲಗಿದೆ. ಮುಂಜಾನೆ ಬಸ್ ಸ್ಟ್ಯಾಂಡಿನ್ಯಾಗ ಬಾಗಲಕೋಟಿ ಗಾಡಿ, ಹುನಗುಂದದ ಗಾಡಿ ಎರಡೂ ನಿಂತಿದ್ವು. ನಾ ತವರಿನ ದಾರಿ ಹಿಡಿಯೂ ಹುನಗುಂದದ ಗಾಡಿ ಹತ್ತಿದೆ.

ಥರ್ಮಾಸು ನಿಮ್ಮ ಅಡಗಿ ಮನಿ ಗೂಡಿನ್ಯಾಗೇ ಐತಿ. ಅದನ್ನ ನಾ ಗುಡ್ಡಕ್ಕ ಒಯ್ದಿದ್ದಿಲ್ಲ. ಕಾಲೇಜಿನ ಸಾಮಾನು ನೀವು ಎಲ್ಲಿ ಇಟ್ಟೀರಿ ಅಂತ ನಿಮಗೇ ಗೊತ್ತಿಲ್ಲ.

‘ನಿಮ್ಮವಳು’ ಅಂತ ಬರ್ಯಾಕ ಕೈ ಒಲ್ಲೆ ಅಂತೈತಿ.
ಇಂದ್ರಾಬಾಯಿ


ಬಾಗಲಕೋಟೆ
೨೯–೧೦–೧೯೭೯

ಇಂದ್ರಾಬಾಯಿಗೆ,

ನಿನ್ನ ಪತ್ರ ಓದಿದೆ. ಶಿಕ್ಷಣ ಅರ್ಧಕ್ಕೆ ನಿಂತವರು ಬರೆಯುವಂತೆಯೇ ಇದೆ. ಒಬ್ಬ ಶೋಧಕ ತನ್ನ ಕೆಲಸದಲ್ಲಿ ಮುಳುಗಿದಾಗ ಹೊರಗಿನ ಪರಿವೆ ಇರುವುದಿಲ್ಲ ಎಂಬುದನ್ನು ನಿನಗೆ ತಿಳಿಸಿ ಹೇಳುವ ಬಗೆ ನನಗೆ ಗೊತ್ತಿಲ್ಲ. ನೆನಪಾದ ಕೂಡಲೇ ನಾನು ಜೀಪು ಕೇಳಿದ್ದೆ. ಡ್ರೈವರ್ ಒಪ್ಪಲಿಲ್ಲ. ಮರುದಿನ ಹೋಗಿ ನೋಡುವಷ್ಟರಲ್ಲಿ ನೀನು ಅಲ್ಲಿರಲಿಲ್ಲ. ನಿನ್ನನ್ನು ಹುಲಿ ತಿಂದಿತೇ? ಆ ಗುಡ್ಡದಲ್ಲಿ ಹುಲಿಯೇ ಇಲ್ಲ.

ದೀಪಾವಳಿಗೆ ನೀನು ಬರಲಿಲ್ಲ. ನೆರೆಯವರ ಮುಂದೆ ಅವ್ವನಿಗೆ ತಲೆ ಎತ್ತಲಾಗಲಿಲ್ಲ. ಅವಳೇ ನಿನ್ನನ್ನು ಕರೆತರಲು ಇಳಕಲ್ಲಿಗೆ ಬರುವವಳಿದ್ದಾಳೆ. ಅವಳ ಮಾತನ್ನಾದರೂ ಕೇಳು.

ಥರ್ಮಾಸ್ ಸಿಕ್ಕಿತು.

ರಾಚಯ್ಯ


ಇಳಕಲ್ಲ
೨೦–೧–೧೯೮೦

ರಾಚಯ್ಯನವರಿಗೆ,

ನಿಮ್ಮ ಅವ್ವಾರು ಬಂದಿದ್ರು. ಎರಡು ದಿನಾ ಇದ್ದು ಹೋದ್ರು. ಒಬ್ಬರೇ ಹೊಳ್ಳಿ ಬಂದದ್ದು ನೋಡಿ ನಿಮಗ ಸಿಟ್ಟು ಬಂದಿರಬೇಕು. ಅವರು ನಿಮಗ ಏನು ಹೇಳ್ಯಾರೋ, ಇಲ್ಲೆ ಆದದ್ದು ಇಷ್ಟು.

ಬಂದ ಕೂಡ್ಲೆ ನನ್ನ ಬೈದ್ರು. ಗಂಡನ ಮನಿ ಬಿಟ್ಟಾಕಿ, ನೀರು ಬಿಟ್ಟ ಮೀನ, ಇನ್ನೂ ಏನೇನೋ ಅಂದ್ರು. ನಮ್ಮ ಅಣ್ಣ ಅಂಗಡಿ ಬಿಟ್ಟು ಬಂದು, ಕೈ ಕಟ್ಟಿ ನಿಂತು, ಹೂಂ ಹೂಂ ಅಂದ. ಅಂವಗೂ ನಾ ಹೋದ್ರ ಚೊಲೋ, ಮನ್ಯಾಗ ಒಂದು ಕ್ವಾಣಿ ಖಾಲಿ ಆಗತೈತಿ. ರೊಟ್ಟಿ ಹಾಕಿ ಕೊಟ್ಟೆ. ಉಂಡ ಮ್ಯಾಲ ಅವರೇ ಕೇಳಿದ್ರು, ದಾರಿ ಹೆಂಗ ತಪ್ಪಿದಿ ಅಂತ. ಆದದ್ದನ್ನ ಆದಂಗ ಹೇಳಿದೆ. ಅಡಕೊತ್ತು ತಗದು ಅಡಕಿ ಕತ್ತರಿಸಿದ್ರು. ಆಮ್ಯಾಲ ಅಂದ್ರು, “ನಿನ್ನ ಮಾವನೂ ನನ್ನ ಎಡಿಯೂರ ಜಾತ್ರ್ಯಾಗ ಬಿಟ್ಟು ಬಂದಿದ್ದ. ಕೂಸು ಬಗಲಾಗ ಇತ್ತು. ಆ ಕೂಸು ಈಗ ಮಾಸ್ತರ ಆಗೈತಿ.”

ಅಷ್ಟಂದು ಅಡಕಿ ಬಾಯಾಗ ಹಾಕ್ಕೊಂಡು ಮಲಗಿದ್ರು. ಹೋಗುಮುಂದ ನನ್ನ ಬೈಲಿಲ್ಲ, ಬಾ ಅಂತನೂ ಅನ್ನಲಿಲ್ಲ.

ಇನ್ನೊಂದು ಸುದ್ದಿ. ಅವತ್ತ ಮುಂಜಾನೆ ಬಸ್ಸಿಗೆ ಹೊದ್ದು ಬಂದ ಜೈನಬಿ ಕೌದಿ ನನ್ನ ಕಡೆ ಉಳದಿತ್ತು. ಚಳಿ ದಿನ, ಆಕಿಗೆ ಬೇಕಲ್ಲಾ ಅಂತ ಕೊಡಾಕ ಹೋದೆ. ಆಕಿ ಕಟಿಗಿಗೆ ಗುಡ್ಡಕ್ಕ ಹೊಂಟಿದ್ಲು. ನಾನೂ ಹೊಂಟೆ. ತಲಿ ಮ್ಯಾಲ ಬುತ್ತಿ ಇಲ್ಲದ ಗುಡ್ಡ ಹತ್ತಿ ನೋಡ್ರಿ, ಎಷ್ಟು ಹಗುರ ಐತಿ. ನಿಮಗ ಅದು ಯಾವಾಗ್ಲೂ ಹಗುರೇ ಇತ್ತು, ಹೇಳಿದ್ರ ತಿಳಿಯೂದಿಲ್ಲ. ಕಂಬದ ಕಡೆ ಹೋದೆ. ನನಗ ಮತ್ತ ಅದೇ ಭಯ ಬರ್ತೈತೇನು ಅಂತ ನೋಡಾಕ ಹೋದೆ. ಬರಲಿಲ್ಲ. ಗುಡ್ಡದ್ದೇನೂ ತಪ್ಪಿಲ್ಲ ಅಂತ ಅನಿಸ್ತು.

ಇಂದ್ರಾಬಾಯಿ


ಬಾಗಲಕೋಟೆ
೩–೨–೧೯೮೦

ಇಂದ್ರಾಬಾಯಿಗೆ,

ಗಂಡನನ್ನು ಬಿಟ್ಟ ಹೆಂಗಸು ಕಟ್ಟಿಗೆ ಹೊರುವವರ ಜೊತೆ ಅಡವಿ ತಿರುಗುತ್ತಾಳೆಂದರೆ ಜನ ಏನನ್ನುತ್ತಾರೆ ಎಂಬ ಪರಿವೆಯಾದರೂ ಇದೆಯೇ? ನಮ್ಮಪ್ಪನ ಬಗ್ಗೆ ಅವ್ವ ಏನೋ ಅಂದಳೆಂದು ಬರೆದಿದ್ದೀ. ವಯಸ್ಸಾದವಳು, ಅವಳ ಮಾತಿಗೆ ನೆಲೆಯಿಲ್ಲ.

ಅದಕ್ಕಿಂತ ಮುಖ್ಯವಾದ ಮಾತು: ನನ್ನ ಲೇಖನ ಅಚ್ಚಿಗೆ ಹೋಗಿದೆ. ಅದು ಪ್ರಕಟವಾಗುವವರೆಗೆ ಅಲ್ಲಿ ನೋಡಿದ್ದನ್ನು ಯಾರ ಮುಂದೆಯೂ ಆಡಬೇಡ. ಕಲ್ಲು ಸೀಳಲು ಬೆಣೆ ಹೊಡೆದ ತೂತುಗಳನ್ನಾಗಲಿ, ಕಂಬವನ್ನಾಗಲಿ ಮುಟ್ಟಬೇಡ. ಆ ಹೆಂಗಸಿಗೂ ಹೇಳು.

ರಾಚಯ್ಯ


ಇಳಕಲ್ಲ
೧೧–೬–೧೯೮೦

ರಾಚಯ್ಯನವರಿಗೆ,

ನೀವು ಕಳಿಸಿದ ಪುಸ್ತಕ ಮುಟ್ಟಿತು. ನಿಮ್ಮ ಲೇಖನ ಎರಡು ಸಲ ಓದಿದೆ. ಅರ್ಧಕ್ಕ ನಿಂತ ಶಿಕ್ಷಣ ನೋಡ್ರಿ, ಎರಡು ಸಲ ಬೇಕಾತು.

‘ಈ ಲೇಖಕನು ಏಕಾಂಗಿಯಾಗಿ ದುರ್ಗಮವಾದ ಆ ಗಿರಿಯನ್ನೇರಿ’ ಅಂತ ಬರದೀರಿ. ಏಕಾಂಗಿ ಅಂದ್ರ ಒಬ್ಬನೇ ಅಂತ ನಮ್ಮ ಸಾಲ್ಯಾಗ ಕಲಿಸಿದ್ರು. ದುರ್ಗಮ ಅಂದ್ರ ಹತ್ತಾಕ ಬರಲಾರದ್ದು. ಅಲ್ಲೆ ಜೈನಬಿ ಮುಂಜಾನೆದ್ದು ಹೊಟ್ಟಿಗೆ ಇಲ್ಲದ ಹತ್ತತಾಳ. ಆಕಿ ಗಂಡ ಚಮನಸಾಬ ಆಡು ಹೊಡಕೊಂಡು ಹತ್ತತಾನ. ಆಡೂ ಹತ್ತತಾವ. ‘ನಿರ್ಜನ ಪ್ರದೇಶ’ ಅಂತ ಬ್ಯಾರೆ ಬರದೀರಿ. ಊರ ಮಂದಿ ನಿಮಗ ಮಂದಿ ಅನಿಸಲಿಲ್ಲ, ಬಿಡ್ರಿ. ಪುಣೇದವರ ಹೆಸರು ಕೆಳಗ ಸಣ್ಣ ಅಕ್ಷರದಾಗ ಹಾಕೀರಿ, ಕೃತಜ್ಞತೆ ಅಂತ. ಜೀಪಿನ ಡ್ರೈವರಂದೂ ಹಾಕೀರಿ. ಹಿಂಡಿ ಸಲುವಾಗಿ ಯಾರ ಹೆಸರೂ ಇಲ್ಲ.

ನನ್ನ ಹೆಸರು ಬೇಕಂತ ನಾ ಅಳಾಕತ್ತಿಲ್ಲ. ಹಂತಾ ಕಡೆ ನನ್ನ ಹೆಸರು ಬ್ಯಾಡ. ಆದ್ರ ಸುಳ್ಳು ಬರ್ಯಾವ ಮನಷ್ಯಾ ಸಾವಿರ ವರ್ಷದ ಹಿಂದಿನ ಖರೇ ಹೇಳ್ತೇನಿ ಅಂತ ಕುಂತ್ರ ಯಾರು ನಂಬಬೇಕು?

ಹುನಗುಂದದ ಹೆಣ್ಣುಮಕ್ಕಳ ವಸತಿ ನಿಲಯದಾಗ ನನಗ ಕೆಲಸಾ ಸಿಕ್ಕೈತಿ. ಅಡಗಿ ನೋಡೂದು, ಹುಡುಗ್ಯಾರನ್ನ ನೋಡೂದು. ಮುಂದಿನ ತಿಂಗಳ ಹೋಗ್ತೇನಿ. ನಮ್ಮ ಅಣ್ಣಗ ಕ್ವಾಣಿ ಖಾಲಿ ಆಗತೈತಿ. ಇನ್ನ ಪುಸ್ತಕ ಕಳಸಬ್ಯಾಡ್ರಿ.

ಇಂದ್ರಾಬಾಯಿ


ದವಾಖಾನೆ, ಬಾಗಲಕೋಟೆ
೯–೧೨–೧೯೮೨

ಇಂದ್ರಾಬಾಯಿಗೆ,

ಎರಡು ವರ್ಷಕ್ಕೂ ಮೇಲಾಯಿತು, ನಾನು ಬರೆದಿರಲಿಲ್ಲ. ನೀನೂ ಬರೆಯಲಿಲ್ಲ. ಈಗ ಬರೆಯುವ ಪ್ರಸಂಗ ಬಂದಿದೆ.

ಮುದಿಬಸವನ ಗುಡ್ಡದ ಮೇಲಿನ ಬಂಡೆಯಿಂದ ಜಾರಿ ಬಿದ್ದು ನನ್ನ ಬಲದ ತೊಡೆಯ ಎಲುಬು ಮುರಿದಿದೆ. ವಿದ್ಯಾರ್ಥಿಗಳು ಜೊತೆಗಿದ್ದರು. ಅವರು ಹೆದರಿ ಓಡಿಹೋಗಿ ಹಳ್ಳಿಯ ಜನರನ್ನು ಕರೆತಂದರು. ಆ ಜನ ನನ್ನನ್ನು ಹೊರಸಿನ ಮೇಲೆ ಹೊತ್ತು ಇಳಿಸಿದರು. ದಾರಿಯುದ್ದಕ್ಕೂ ಅವರಲ್ಲೊಬ್ಬ ನಿನ್ನನ್ನು ಬಲ್ಲೆನೆಂದು ಹೇಳುತ್ತಿದ್ದ. ನನಗೆ ಅದು ಸರಿಬರಲಿಲ್ಲ.

ಅವ್ವ ನನ್ನ ತಮ್ಮನ ಕಡೆ ಕಲಾದಗಿಯಲ್ಲಿದ್ದಾಳೆ. ಇಲ್ಲಿ ನೋಡಿಕೊಳ್ಳುವವರಿಲ್ಲ. ಆದದ್ದು ಆಗಿಹೋಯಿತು, ಹಳೆಯದನ್ನು ಹಿಡಿದು ಕುಳಿತುಕೊಳ್ಳುವುದು ಸಂಸಾರಸ್ಥರ ಲಕ್ಷಣವಲ್ಲ. ನೀನು ಬರಬೇಕು. ನನ್ನ ಗ್ರಂಥದ ಕರಡು ತಿದ್ದುವ ಕೆಲಸವೂ ಇದೆ. ನಿನ್ನ ಅಕ್ಷರ ದುಂಡಗಿದೆ.

ರಾಚಯ್ಯ


ಹುನಗುಂದ
೨–೧–೧೯೮೩

ರಾಚಯ್ಯನವರಿಗೆ,

ಬಂದು ನೋಡಿ ಹೋದೇನಿ. ಮತ್ತ ಯಾಕ ಬರಲಿಲ್ಲ ಅಂತ ಹೇಳಿ ಕಳಸೀರಂತ. ನೀವು ದವಾಖಾನ್ಯಾಗ ಇದ್ರಿ, ಅಲ್ಲೇ ಇದ್ರಿ, ಆದದ್ದು ನಿಮಗ ಗೊತ್ತಿರಬೇಕು. ಆದ್ರೂ ಬರೀತೇನಿ. ನೀವು ಯಾವುದನ್ನ ನೋಡತೀರಿ ಯಾವುದನ್ನ ನೋಡೂದಿಲ್ಲ ಅಂತ ನನಗ ಗೊತ್ತೈತಿ.

ನಿಲಯದಾಗ ರಜಾ ಕೇಳಿ, ಹುಡುಗ್ಯಾರಿಗೆ ಅಡಗಿ ಒಪ್ಪಿಸಿ, ರೊಟ್ಟಿ ಕಟಗೊಂಡು ಬಂದೆ. ಬಸ್ಸಿನ್ಯಾಗ ಬರುಮುಂದ ಒಂದೇ ವಿಚಾರ ಮಾಡಿದೆ, ಕಾಲು ಮುರದು ಮಲಗಿದ ಮನಷ್ಯಾನ ಮುಂದ ಹಳೇದು ಎತ್ತಬಾರದು ಅಂತ. ಕೂದಲು ಬೆಳ್ಳಗಾಗಿದ್ವು ನಿಮ್ಮವು. ನನಗ ಕೆಟ್ಟನಿಸ್ತು, ಸುಳ್ಳು ಹೇಳೂದಿಲ್ಲ. ಡಾಕ್ಟರ ಬಂದ್ರು. ನೀವು ನನ್ನ ತೋರಿಸಿ, ಇವರು ನಮ್ಮ ಮನೆಯವರು, ಊರಿಗೆ ಹೋಗಿದ್ದರು ಅಂದ್ರಿ. ಮೂರು ವರ್ಷ ನಾ ಊರಿಗೆ ಹೋಗಿದ್ದೆ!

ಆ ಮ್ಯಾಲೂ ನಾ ನಿಮ್ಮ ಹೊದಿಕಿ ಸರಿ ಮಾಡಿದೆ. ಕರಡು ಕೈಯಾಗ ಕೊಟ್ರಿ. ಕುಂತು ಓದಿದೆ. ಏಕಾಂಗಿ ಇನ್ನೂ ಏಕಾಂಗಿನೇ ಇದ್ದ, ನಿರ್ಜನ ಇನ್ನೂ ನಿರ್ಜನ. ನಿಮ್ಮನ್ನ ಹೊತ್ತು ಇಳಿಸಿದ ಚಮನಸಾಬ ಹೊರಗ ಕಟ್ಟಿ ಮ್ಯಾಲ ಕುಂತಿದ್ದ, ಹ್ಯಾಂಗದಾರ ಅಂತ ಕೇಳಾಕ ಬಂದಿದ್ದ. ಅಂವನ್ನ ಒಳಗ ಕರಸ್ರಿ ಅಂತ ಹೇಳಿದ್ದಕ್ಕ, ಈಗ ಬ್ಯಾಡ, ಕೆಲಸ ಐತಿ ಅಂದ್ರಿ. ಆಗ ಕೇಳಿದೆ ನಾನು.

“ಅವತ್ತ ನನ್ನ ಎಲ್ಲೆ ಕುಂದ್ರಿಸಿ ಹೋಗಿದ್ರಿ, ನೆನಪೈತೇನ್ರಿ?”

ನೀವು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ್ರಿ. ನನಗ ಒಂದು ಗಳಿಗಿ ಆಸೆ ಆತು, ನೋಡ್ರಿ. ಅಂಥಾ ಹುಚ್ಚಿ ನಾನು.

“ಅರ್ಧ ಕಡಿದ ಕಂಬದ ಮೇಲೆ” ಅಂದ್ರಿ. “ಅದರ ಮೇಲೆ ಕುಂದ್ರಬಾರದಿತ್ತು ನೀನು. ಅದು ಏಳನೇ ಶತಮಾನದ್ದು.”

ನಾ ನಕ್ಕೆ. ನರ್ಸು ಬಂದು ಏನಾತು ಅಂತ ನೋಡುವಷ್ಟು ನಕ್ಕೆ. ಕರಡು ಗಾದಿ ಮ್ಯಾಲ ಇಟ್ಟು, ರೊಟ್ಟಿ ಗಂಟು ಚಮನಸಾಬಗ ಕೊಟ್ಟು, ಬಸ್ ಸ್ಟ್ಯಾಂಡಿಗೆ ಬಂದೆ. ರೊಟ್ಟಿ ನಿಮಗಂತ ಮಾಡಿದ್ದೆ. ಅಂವ ಹಸದಿದ್ದ.

ಇಂದ್ರಾಬಾಯಿ


ಬಾಗಲಕೋಟೆ
೧೮–೧೧–೧೯೮೩

ಇಂದ್ರಾಬಾಯಿಗೆ,

ಕೋಲು ಹಿಡಿದು ಕಾಲೇಜಿಗೆ ಹೋಗಿ ಬರುತ್ತೇನೆ. ಇನ್ನು ಗುಡ್ಡದ ಮಾತು ಬೇಡವೆಂದು ಡಾಕ್ಟರು ಹೇಳಿದ್ದಾರೆ. ಐತವಾರ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತೇನೆ. ಕೆಲಸದವಳು ಮಧ್ಯಾಹ್ನ ಬರುತ್ತೇನೆಂದು ಹೇಳಿ ಹೋದರೆ ಕೆಲವು ಸಲ ಬರುವುದೇ ಇಲ್ಲ. ಸುಮ್ಮನೆ ಕುಳಿತು ಯಾರದೋ ದಾರಿ ನೋಡುವುದು ಇಷ್ಟು ಉದ್ದವಾದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಇದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನೀನು ನಿಲಯದ ಹುಡುಗಿಯರನ್ನು ಕರೆದುಕೊಂಡು ಗುಡ್ಡಕ್ಕೆ ಹೋಗುತ್ತಿರುವೆಯೆಂದು ನನ್ನ ವಿದ್ಯಾರ್ಥಿಯೊಬ್ಬ ಹೇಳಿದ. ನನ್ನ ಗ್ರಂಥಕ್ಕೆ ಉತ್ತರದ ಕಡೆಯ ಬಂಡೆಯ ವಿವರ ಬೇಕಾಗಿದೆ. ಬೆಣೆಯ ತೂತುಗಳು ಒಂದೇ ಸಾಲಿನಲ್ಲಿವೆಯೋ ಎರಡು ಸಾಲೋ, ಎಷ್ಟು ಆಳ, ಎಷ್ಟು ಅಂತರ, ಇವನ್ನು ಅಳೆದು ಬರೆದು ಕಳಿಸು. ಅಳತೆಯ ಟೇಪು ಟಪಾಲಿನಲ್ಲಿ ಕಳಿಸಿದ್ದೇನೆ. ಮನೆಗೆ ಬಂದರೂ ಬಾ. ಬಾಗಿಲು ಹಾಕಿಲ್ಲ.

ರಾಚಯ್ಯ


ಹುನಗುಂದ
೬–೧೨–೧೯೮೩

ರಾಚಯ್ಯನವರಿಗೆ,

ಟೇಪು ಮುಟ್ಟಿತು. ನಿಲಯದಾಗ ಲಂಗಾ ಹೊಲ್ಯಾಕ ಬೇಕಾಗಿತ್ತು, ಚೊಲೋ ಆತು.

ದಾರಿ ನೋಡೂದು ಉದ್ದ ಐತಿ ಅಂತ ಬರದೀರಿ. ಓದಿ ಕಾಗದಾ ಕೆಳಗ ಇಟ್ಟೆ. ಮತ್ತ ತಗೊಂಡೆ. ಅಷ್ಟಕ್ಕೇ ನಿಲ್ಲಿಸಿದ್ರ ನಾ ಏನು ಮಾಡ್ತಿದ್ನೋ ನನಗೂ ಗೊತ್ತಿಲ್ಲ. ನಿಲ್ಲಿಸಲಿಲ್ಲ ನೀವು. ಮುಂದಿನ ಸಾಲಿಗೆ ಬೆಣಿ ತೂತು ಬಂದ್ವು.

ಅಳತಿ ಬರ್ಯೂದಿಲ್ಲ. ಹೋದ ಐತಾರ ಆದದ್ದು ಬರೀತೇನಿ, ಅದು ನಿಮ್ಮ ಗ್ರಂಥಕ್ಕ ಉಪಯೋಗ ಇಲ್ಲ.

ಹುಡುಗ್ಯಾರ ಸಂಗಾಟ ನಿಮ್ಮ ಅವ್ವಾರೂ ಬಂದಿದ್ರು. ಹೌದು, ನಿಮ್ಮ ಅವ್ವ ಗುರುಲಿಂಗವ್ವನವರು. ಅವರು ಕಲಾದಗ್ಯಾಗ ಇಲ್ಲ. ನಿಮ್ಮ ತಮ್ಮನ ಹೆಂಡತಿಗೂ ಅವರಿಗೂ ಹೊಂದಲಿಲ್ಲ. ದಸರಾ ಆದ ಮ್ಯಾಲ ಒಂದಿನ ಗಂಟು ಹಿಡದು ನನ್ನ ಬಾಗಲ ಮುಂದ ನಿಂತಿದ್ರು. ಮಗನ ಮನಿಗೆ ಯಾಕ ಹೋಗಲಿಲ್ಲ ಅಂತ ಕೇಳಿದೆ. “ಅಂವಗ ನಾ ಬಂದದ್ದು ಗೊತ್ತಾಗಾಕ ಎಂಟು ದಿನಾ ಬೇಕು” ಅಂದ್ರು. ನಿಮಗ ಕಾರ್ಡ ಬರೀಲೇನು ಅಂದ್ರ, ಅಂವಾ ಕೇಳಿದಾಗ ಬರಿ ಅಂದ್ರು. ನೀವು ಕೇಳಲಿಲ್ಲ. ಈಗ ಎರಡು ತಿಂಗಳಾಗಾಕ ಬಂತು.

ಸೆರಗು ಬಿಗದು, ಕೋಲು ಹಿಡದು, ಕವಳಿ ಕಂಟಿ ಸರಿಸಿಕೋತ ಅವರು ಹತ್ತಿದ್ದು ನೋಡಬೇಕಿತ್ತು. ಹೊತ್ತು ಹತ್ತಿತು, ಅಷ್ಟೇ. ಜೈನಬಿ ಮುಂದ, ಹುಡುಗ್ಯಾರು ಹಿಂದ. ಮ್ಯಾಲ ಮುಟ್ಟಿ, ಕಂಬಾ ನೋಡಿ, ಅತ್ತ್ಯಾರು ದಣಕೊಂಡು ಕೇಳಿದ್ರು, ಇದೇ ಏನು ಅಂತ. ಹೂಂ ಅಂದೆ. “ಇದರ ಸಲುವಾಗಿ ಮನಿ ಬಿಟ್ಟನೇನು ಅಂವಾ?” ಅಂದ್ರು. ಮನಿ ಬಿಟ್ಟಾಕಿ ನಾನು, ಆದ್ರ ಅವರು ಹಂಗಂದ್ರು. ಆಮ್ಯಾಲ ಕಾಲು ಚಾಚಿ ಅದರ ಮ್ಯಾಲೇ ಕುಂತ್ರು.

ಹೊತ್ತು ಮುಣಗಾಕತ್ತಿತ್ತು. ಬಿಸಲು ಅಡ್ಡ ಬಿದ್ದು ಬಂಡಿ ಎಲ್ಲಾ ಕೆಂಪಗ, ಒಲ್ಯಾಗಿನ ಕೆಂಡದಂಗ ಆತು. ಒಂದೊಂದು ತೂತಿನ್ಯಾಗ ಒಂದೊಂದು ಹನಿ ನೆಳ್ಳು ನಿಂತಿತ್ತು. ಹುಡುಗ್ಯಾರು ಹತ್ತಿರ ಬಂದ್ರು. ಒಬ್ಬಾಕಿ ಬೆರಳು ಇಟ್ಟು ನೋಡಿದ್ಲು. ಎಂದೋ ಯಾರೋ ಇಷ್ಟು ಕಡದು, ಸಾಕಂತ ಉಳಿ ಇಟ್ಟು ಊಟಕ್ಕ ಎದ್ದು ಹೋಗ್ಯಾರ, ಇನ್ನೇನು ಬರ್ತಾರ, ಹಂಗಿತ್ತು. ನನಗ ಕಣ್ಣಾಗ ನೀರು ಬಂತು. ಆಗ ನಿಮ್ಮ ಮ್ಯಾಲ ಸಿಟ್ಟೂ ಬಂತು, ಖರೇ ಸಿಟ್ಟು. ಬಿಟ್ಟು ಹೋದದ್ದಕ್ಕಲ್ಲ. ಇದನ್ನ ನೀವು ಪ್ರತಿ ಐತಾರ ನೋಡಿ, ಸಂಜಿಕ ಮನಿಗೆ ಬಂದು, ಕೈಕಾಲು ತೊಳಕೊಂಡು, ನನ್ನ ಎದುರಿಗೆ ಊಟಕ್ಕ ಕುಂದ್ರತಿದ್ರಿ. ಆರು ವರ್ಷದಾಗ ಒಂದಿನ, ಉಪ್ಪು ಕೇಳಿದಂಗ, ‘ಅಲ್ಲೆ ಭಾಳ ಚಂದ ಐತಿ’ ಅಂತ ಒಂದು ಮಾತು ಅನ್ನಲಿಲ್ಲ. ನಿಮ್ಮ ಲೇಖನದಾಗೂ ಹುಡುಕಿದೆ. ಆ ಮಾತು ಅಲ್ಲೂ ಇಲ್ಲ. ಒಂದು ವ್ಯಾಳೆ ನಿಮಗ ಕಂಡೇ ಇಲ್ಲೇನೋ.

ಚಂದ ಐತ್ರಿ. ಬೇಕಾದ್ರ ನಿಮ್ಮ ಗ್ರಂಥದಾಗ ಬರಕೋರಿ. ಯಾರು ಹೇಳಿದ್ರು ಅಂತ ಹಾಕಬ್ಯಾಡ್ರಿ.

ಬಾಗಲಾ ಹಾಕಿಲ್ಲ ಅಂದೀರಿ. ಹಾಕ್ಕೋರಿ, ಚಳಿ ದಿನ. ನಾ ಬರೂದಿಲ್ಲ. ಅತ್ತ್ಯಾರೂ ಇಲ್ಲೇ ಇರತೇನಿ ಅಂತಾರ. ಅವರ ಕಣ್ಣಿನ ಚಾಳೀಸು ಹಿಂದ ಬಂದಾಗ ನಿಮ್ಮ ದೇವರ ಮಾಡದಾಗ ಉಳದೈತಂತ, ಅದಿಲ್ಲದ ಅಕ್ಕಿ ಆರಿಸಾಕ ಆಗವಲ್ದು. ಹುನಗುಂದದ ಮುಂಜಾನೆ ಬಸ್ಸಿನ ಕಂಡಕ್ಟರನ ಕೈಯಾಗ ಕೊಟ್ಟು ಕಳಸ್ರಿ, ಬಟ್ಟ್ಯಾಗ ಸುತ್ತಿ.

ಇಂದ್ರಾಬಾಯಿ